ಮೂರು ಸ್ಪೆಕ್ಟ್ರಮ್‌ಗಳಲ್ಲೂ 152: ಎಲ್ಲಿಂದ ಓದಲು ಆರಂಭಿಸಬೇಕು?

ಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಅನಲಿಟಿಕಲ್ ಕೆಮಿಸ್ಟ್ರಿಯಲ್ಲಿ ಎರಡನೇ ವರ್ಷದಲ್ಲಿದ್ದೇನೆ. ಐಆರ್, ಎನ್‌ಎಂಆರ್ ಓದುವುದು ಒಂದು ಮಟ್ಟಕ್ಕೆ ಕೈಗೆ ಹತ್ತಿದೆ. ಅಣು ಮತ್ತು ಅದು ಮುರಿದ ತುಂಡುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ ಮಾತ್ರ ಹತ್ತುತ್ತಿಲ್ಲ. ಕೋಷ್ಟಕ ನೋಡಿ 77 ಎಂದರೆ ಫಿನೈಲ್, 91 ಎಂದರೆ ಬೆಂಜೈಲ್, 43 ಎಂದರೆ ಅಸಿಟೈಲ್ ಅಥವಾ ಪ್ರೊಪೈಲ್ ಎಂದು ಬಾಯಿಪಾಠ ಮಾಡಿದ್ದೇನೆ. ಆದರೆ ಹೊಸ ಸ್ಪೆಕ್ಟ್ರಮ್ ಎದುರಿಗೆ ಬಂದರೆ ಆ ಪಾಠ ನೆರವಿಗೆ ಬರುವುದಿಲ್ಲ.

ನಮ್ಮ ಅಧ್ಯಾಪಕರು ಮೂರು ಸ್ಪೆಕ್ಟ್ರಮ್ ಕೊಟ್ಟಿದ್ದಾರೆ. ಮೂರೂ ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಬೇರ್ಪಡಿಸಿ ಮಾಸ್ ಸ್ಪೆಕ್ಟ್ರಮ್ ತೆಗೆಯುವ ಜಿಸಿ-ಎಂಎಸ್‌ನಲ್ಲಿ, 70 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ತೆಗೆದವು. ಮೂರಕ್ಕೂ ಅಣುಸೂತ್ರ ಒಂದೇ: ಎಂಟು ಇಂಗಾಲ, ಎಂಟು ಜಲಜನಕ, ಮೂರು ಆಮ್ಲಜನಕ.

ಅ: 152, 121 (ಚಿಕ್ಕದು), 120 (ಬೇಸ್ ಪೀಕ್, ಅಂದರೆ ಎಲ್ಲಕ್ಕಿಂತ ಎತ್ತರದ್ದು), 92, 65, 64
ಆ: 152, 121 (ಬೇಸ್ ಪೀಕ್), 93, 65
ಇ: 152 ಮತ್ತು 151 (ಎರಡೂ ಎತ್ತರ), 123, 109, 81

ಇವು ಮೀಥೈಲ್ ಸ್ಯಾಲಿಸಿಲೇಟ್, ಮೀಥೈಲ್ ಪ್ಯಾರಾಬೆನ್ ಮತ್ತು ವೆನಿಲಿನ್ ಎಂದು ಹೇಳಿದ್ದಾರೆ. ಯಾವುದು ಯಾವುದು, ಏಕೆ ಎಂಬುದನ್ನು ಬರೆಯಬೇಕು. ಅ ಮತ್ತು ಆ ನಡುವೆ ಒಂದೇ ಒಂದು ಅಂಕಿಯ ವ್ಯತ್ಯಾಸವಿದೆ. ಅದರಿಂದ ಏನನ್ನು ತಾನೇ ಹೇಳಲು ಸಾಧ್ಯ?

ಇನ್ನೊಂದು ಸಂದೇಹ. ಏಲಕ್ಕಿ ಎಣ್ಣೆಯ ರನ್‌ನಲ್ಲಿ ದೊಡ್ಡದೊಂದು ಪೀಕ್ ಬಂತು. ಅದರ ಸ್ಪೆಕ್ಟ್ರಮ್‌ನಲ್ಲಿ ಬಲತುದಿಯಲ್ಲಿ 136, ನಂತರ 121, 93, 43 ಇವೆ. ಕಂಪ್ಯೂಟರ್‌ನ ಸ್ಪೆಕ್ಟ್ರಮ್ ಲೈಬ್ರರಿ ಅದನ್ನು ಆಲ್ಫಾ-ಟರ್ಪಿನೈಲ್ ಅಸಿಟೇಟ್ ಎನ್ನುತ್ತದೆ. ಅದರ ಅಣುತೂಕ 196. ಇಲ್ಲಿ 196 ಇಲ್ಲವೇ ಇಲ್ಲ. ಲೈಬ್ರರಿಯನ್ನು ನಂಬಬೇಕೇ, ಕಣ್ಣನ್ನು ನಂಬಬೇಕೇ?

ಉತ್ತರ 1: ಕೀಟನಾಶಕ ಶೇಷಾಂಶ ಪರೀಕ್ಷಕ, ಬೆಂಗಳೂರು

ಕೋಷ್ಟಕ ಬಿಡಬೇಡಿ, ಅದು ಬೇಕೇ ಬೇಕು. ಅದರ ಜೊತೆಗೆ ಐಸೋಟೋಪ್ ವಿನ್ಯಾಸಗಳನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಿ. ಪೀಕ್‌ನ ಎರಡು ಅಂಕಿ ಮುಂದೆ ಮೂರನೇ ಒಂದರಷ್ಟು ಎತ್ತರದ ಜೊತೆಗಾರ ನಿಂತಿದ್ದರೆ ಒಂದು ಕ್ಲೋರಿನ್. ಎರಡೂ ಸಮಸಮ ಎತ್ತರವಿದ್ದರೆ ಒಂದು ಬ್ರೋಮಿನ್. ಎರಡು ಕ್ಲೋರಿನ್ ಇದ್ದರೆ 9:6:1, ಎರಡು ಬ್ರೋಮಿನ್ ಇದ್ದರೆ 1:2:1.

ನನ್ನ ಕೆಲಸದಲ್ಲಿ ಇದು ಪ್ರತಿದಿನದ ಮಾತು. ಡಿಡಿಟಿಯ ಅಣುವಿನಲ್ಲಿ ಐದು ಕ್ಲೋರಿನ್‌ಗಳಿವೆ, ಹಗುರ ಐಸೋಟೋಪ್‌ಗಳಿಂದ ಲೆಕ್ಕ ಹಾಕಿದರೆ 352. ಆದರೆ ಸ್ಪೆಕ್ಟ್ರಮ್‌ನಲ್ಲಿ ರಾಜನಂತೆ ನಿಲ್ಲುವುದು 235, 237, 239ರ ಗುಂಪು, 9:6:1 ಪ್ರಮಾಣದಲ್ಲಿ. ಹೋದದ್ದು 117, ಅಂದರೆ ಮೂರು ಕ್ಲೋರಿನ್ ಹೊತ್ತ ಒಂದು ಇಂಗಾಲ. ಉಳಿದದ್ದರಲ್ಲಿ ಎರಡು ಕ್ಲೋರಿನ್. ಗುಂಪಿನ ಆಕಾರವೇ ಅದನ್ನು ಹೇಳುತ್ತದೆ. ಆಕಾರ ಹೊಂದದಿದ್ದರೆ ನಾನು ಲೈಬ್ರರಿ ಎಷ್ಟೇ ಅಂಕ ಕೊಟ್ಟರೂ ಡಿಡಿಟಿ ಎಂದು ವರದಿ ಬರೆಯುವುದಿಲ್ಲ.

ನಿಮ್ಮ ಮೂರು ಸ್ಪೆಕ್ಟ್ರಮ್‌ಗಳಿಗೆ ಇದು ಉಪಯೋಗವಿಲ್ಲ, ಅಲ್ಲಿ ಹ್ಯಾಲೊಜೆನ್ ಇಲ್ಲ. ಅದಕ್ಕೆ ಬೇರೆಯವರು ಉತ್ತರಿಸಲಿ.

ಉತ್ತರ 2: ಮಸಾಲೆ ಮತ್ತು ಸುಗಂಧ ತೈಲಗಳ ವಿಶ್ಲೇಷಕಿ, ನಿವೃತ್ತೆ, ಮೈಸೂರು

ನಿಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು. "ಒಂದೇ ಒಂದು ಅಂಕಿಯ ವ್ಯತ್ಯಾಸ" ಎಂದು ಬರೆದಿದ್ದೀರಿ. ಇಡೀ ಉತ್ತರ ಆ ಒಂದು ಅಂಕಿಯಲ್ಲೇ ಇದೆ.

ಮೇಲಿನವರ ಐಸೋಟೋಪ್ ಮಾತು ನೂರಕ್ಕೆ ನೂರು ನಿಜ. ಕೋಷ್ಟಕದ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಕಲಿಯುವ ಹೊತ್ತಿನಲ್ಲಿ ಅದನ್ನು ಮುಚ್ಚಿಡಿ. 43 ಎಂದು ಕಂಡ ಕೂಡಲೇ "ಅಸಿಟೈಲ್" ಎನ್ನುವ ಅಭ್ಯಾಸ ಬೆಳೆದರೆ ಅದನ್ನು ಕಳೆಯುವುದು ಬಹಳ ಕಷ್ಟ. ನನ್ನ ಕೈಕೆಳಗೆ ಕಲಿತ ಹುಡುಗ ಹುಡುಗಿಯರಿಗೆ ಮೊದಲು ಹೇಳುತ್ತಿದ್ದದ್ದು ಇಷ್ಟು: ಸ್ಪೆಕ್ಟ್ರಮ್ ಅನ್ನು ಬಲದಿಂದ ಎಡಕ್ಕೆ ಓದಿ, ಪೀಕ್‌ಗಳ ನಡುವಿನ ಅಂತರವನ್ನು ಬರೆದುಕೊಳ್ಳಿ, ಆ ಅಂತರ ಸಮವೋ ಬೆಸವೋ ನೋಡಿ. ಪೆನ್ಸಿಲ್, ಕಾಗದ ಸಾಕು. ಕಂಪ್ಯೂಟರ್‌ನ ಲೈಬ್ರರಿ ಕೊನೆಗೆ.

ಸಮ-ಬೆಸ ಏಕೆ ಮುಖ್ಯ? 70 ಎಲೆಕ್ಟ್ರಾನ್ ವೋಲ್ಟ್‌ನ ಎಲೆಕ್ಟ್ರಾನ್ ಅಣುವಿಗೆ ಬಡಿದಾಗ ಅಣುವಿನಿಂದ ಒಂದು ಎಲೆಕ್ಟ್ರಾನ್ ಹಾರಿಹೋಗುತ್ತದೆ. ಉಳಿದ ಅಯಾನಿನಲ್ಲಿ ಜೋಡಿ ಕಳೆದುಕೊಂಡ ಒಂಟಿ ಎಲೆಕ್ಟ್ರಾನ್ ಇರುತ್ತದೆ. ಸಾವಯವ ಅಣುವನ್ನು ಅಯಾನೀಕರಿಸಲು ಸಾಮಾನ್ಯವಾಗಿ 8ರಿಂದ 12 ಎಲೆಕ್ಟ್ರಾನ್ ವೋಲ್ಟ್ ಸಾಕು. ಅದರ ಮೇಲೆ ಸಿಕ್ಕ ಹೆಚ್ಚುವರಿ ಶಕ್ತಿಯಿಂದ ಅಯಾನು ಮುರಿಯುತ್ತದೆ. ಮುರಿಯುವ ದಾರಿ ಮುಖ್ಯವಾಗಿ ಎರಡು. ಒಂದು ಬಂಧ ನೇರವಾಗಿ ಕಡಿದು ಒಂಟಿ ಎಲೆಕ್ಟ್ರಾನ್ ಹೊತ್ತ ತುಂಡು, ಅಂದರೆ ಒಂದು ರ‍್ಯಾಡಿಕಲ್ ಹೊರಬೀಳಬಹುದು: ಜಲಜನಕ 1, ಮೀಥೈಲ್ 15, ಫಾರ್ಮೈಲ್ 29, ಮಿಥಾಕ್ಸಿ 31. ಇವೆಲ್ಲ ಬೆಸ. ಇಲ್ಲವೇ ಪರಮಾಣುಗಳು ಒಳಗೇ ಸ್ಥಳ ಬದಲಾಯಿಸಿ ಒಂದು ಪೂರ್ಣ ಅಣು ಹೊರಬೀಳಬಹುದು: ನೀರು 18, ಕಾರ್ಬನ್ ಮಾನಾಕ್ಸೈಡ್ 28, ಮೆಥನಾಲ್ 32, ಅಸಿಟಿಕ್ ಆಮ್ಲ 60. ಇವೆಲ್ಲ ಸಮ. ಸಾರಜನಕ ಇಲ್ಲದಿರುವ ತನಕ ಈ ಲೆಕ್ಕ ತಪ್ಪುವುದಿಲ್ಲ.

ಈಗ ನಿಮ್ಮ ಅ ಮತ್ತು ಆ. ಆ ಸ್ಪೆಕ್ಟ್ರಮ್‌ನಲ್ಲಿ 152ರಿಂದ 121ಕ್ಕೆ ಇಳಿದಿದೆ, ಅಂತರ 31. ಬೆಸ. ಮಿಥಾಕ್ಸಿ ರ‍್ಯಾಡಿಕಲ್ ನೇರವಾಗಿ ಕಳಚಿಕೊಂಡಿದೆ. ಮೀಥೈಲ್ ಎಸ್ಟರ್ ಮಾಡಬೇಕಾದ ಸಹಜ ಕೆಲಸ ಇದು. ಅ ಸ್ಪೆಕ್ಟ್ರಮ್‌ನಲ್ಲಿ 152ರಿಂದ 120ಕ್ಕೆ, ಅಂತರ 32. ಸಮ. ಮಿಥಾಕ್ಸಿ ಹೋಗುವಾಗ ತನ್ನೊಡನೆ ಒಂದು ಜಲಜನಕವನ್ನೂ ಕರೆದೊಯ್ದು ಮೆಥನಾಲ್ ಆಗಿ ಹೋಗಿದೆ. ಆ ಜಲಜನಕ ಎಲ್ಲಿಂದ ಬಂತು? ಎಸ್ಟರ್ ಗುಂಪಿನ ಪಕ್ಕದಲ್ಲೇ, ಕೈಗೆಟುಕುವ ದೂರದಲ್ಲಿ, ಒಂದು ಹೈಡ್ರಾಕ್ಸಿ ಇರಬೇಕು. ಅಂದರೆ ಆರ್ಥೊ ಸ್ಥಾನ. ಆದ್ದರಿಂದ ಅ ಎಂಬುದು ಮೀಥೈಲ್ ಸ್ಯಾಲಿಸಿಲೇಟ್, ಮೂಳೆನೋವಿನ ಮುಲಾಮಿನ ವಾಸನೆ ಕೊಡುವ ವಸ್ತು. ಪ್ಯಾರಾಬೆನ್‌ನಲ್ಲಿ ಹೈಡ್ರಾಕ್ಸಿ ಉಂಗುರದ ಎದುರು ತುದಿಯಲ್ಲಿ, ಪ್ಯಾರಾ ಸ್ಥಾನದಲ್ಲಿದೆ, ಅದರ ಜಲಜನಕ ಮಿಥಾಕ್ಸಿಗೆ ಎಟುಕುವುದಿಲ್ಲ. ಮುಂದಿನ ಹೆಜ್ಜೆ ಎರಡರಲ್ಲೂ ಒಂದೇ: 120ರಿಂದ 92, 121ರಿಂದ 93, ಎರಡೂ 28, ಕಾರ್ಬನ್ ಮಾನಾಕ್ಸೈಡ್. ಅದರ ಮುಂದೆಯೂ ಇನ್ನೊಂದು 28: 92ರಿಂದ 64, 93ರಿಂದ 65. ಎರಡು ಸರಪಳಿಗಳು ಒಂದು ಅಂಕಿಯ ಅಂತರದಲ್ಲಿ ಕೊನೆಯವರೆಗೂ ಅಕ್ಕಪಕ್ಕ ನಡೆಯುತ್ತವೆ. ಇದನ್ನು ಮೊದಲ ಸಲ ಕಾಗದದ ಮೇಲೆ ಬರೆದು ನೋಡಿದಾಗ ಆಗುವ ಆನಂದವನ್ನು ಯಾವ ಕೋಷ್ಟಕವೂ ಕೊಡಲಾರದು.

ಅ ಸ್ಪೆಕ್ಟ್ರಮ್‌ನಲ್ಲಿ 121 ಚಿಕ್ಕದಾಗಿ ಇದೆ ಎಂದಿದ್ದೀರಿ. ಇರಲೇಬೇಕು. ಪಕ್ಕದಲ್ಲಿ ಹೈಡ್ರಾಕ್ಸಿ ಇದ್ದರೂ ಕೆಲವು ಅಯಾನುಗಳು ನೇರ ದಾರಿಯಲ್ಲೇ ಮುರಿಯುತ್ತವೆ. ಯಾವ ದಾರಿ ಗೆಲ್ಲುತ್ತದೆ ಎಂಬುದನ್ನು ಎತ್ತರ ಹೇಳುತ್ತದೆ.

ಇ ವೆನಿಲಿನ್. 152ರಿಂದ 151, ಅಂತರ 1. ಆಲ್ಡಿಹೈಡ್ ತನ್ನ ಜಲಜನಕವನ್ನು ಬಿಟ್ಟುಕೊಟ್ಟಿದೆ. ಎಸ್ಟರ್‌ಗಳು ಹೀಗೆ ಮಾಡುವುದಿಲ್ಲ. 151ರಿಂದ 28 ಕಳೆದರೆ 123. 109ಕ್ಕೆ ಬರಲು 152ರಿಂದ 43 ಕಳೆಯಬೇಕು, ಅದನ್ನು 15 ಮತ್ತು 28 ಎಂದು ಒಡೆಯಿರಿ: ಉಂಗುರದ ಮೇಲಿನ ಮಿಥಾಕ್ಸಿಯ ಮೀಥೈಲ್, ನಂತರ ಕಾರ್ಬನ್ ಮಾನಾಕ್ಸೈಡ್. ಇನ್ನೊಂದು 28 ಹೋದರೆ 81. ಇಲ್ಲಿ 43 ಎಂಬ ಅಂತರಕ್ಕೂ ಅಸಿಟೈಲ್‌ಗೂ ಏನೇನೂ ಸಂಬಂಧವಿಲ್ಲ. ಕೋಷ್ಟಕ ಮುಚ್ಚಿಡಿ ಎಂದದ್ದು ಇದಕ್ಕೇ.

ವೆನಿಲಿನ್ ಬಂದದ್ದರಿಂದ ಒಂದು ಮಾತು. ಮಲೆನಾಡಿನ ತೋಟಗಳಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿದ್ದ ಕಾಲವೊಂದಿತ್ತು, ಬೆಲೆ ಕುಸಿದ ಮೇಲೆ ಬಹುಪಾಲು ಹೋಯಿತು. ವೆನಿಲ್ಲಾ ಸಾರ ಎಂದು ಬರುವ ಮಾದರಿಯಲ್ಲಿ 166, 138, 137 ಕಂಡರೆ ಎಚ್ಚರವಾಗಿರಿ. ಅದು ಈಥೈಲ್ ವೆನಿಲಿನ್. ಮಿಥಾಕ್ಸಿ ಬದಲು ಇಥಾಕ್ಸಿ ಇರುವುದರಿಂದ ಇಥಿಲೀನ್‌ನ 28 ಕಳೆದು 138, ಮತ್ತೆ ಆಲ್ಡಿಹೈಡ್‌ನ 1 ಕಳೆದು 137. ಕಾರ್ಖಾನೆಯಲ್ಲಿ ಮಾಡುವ ವಸ್ತು ಅದು. ಕಾಯಿಯಿಂದ ಬಂದ ಶುದ್ಧ ಸಾರ ಎಂದು ಮಾರುವುದರಲ್ಲಿ ಇದ್ದರೆ ಬೆರಕೆ ಎಂದೇ ಅರ್ಥ. ರೈತ ಒಂಬತ್ತು ತಿಂಗಳು ಕಾದು ಬೆಳೆದ ಕಾಯಿಗೆ ನ್ಯಾಯ ಸಿಗುವುದು ಇಂಥ ಮೂರು ಪೀಕ್‌ಗಳನ್ನು ಸರಿಯಾಗಿ ಓದುವವರಿಂದ.

ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಹೈಡ್ರಾಕ್ಸಿ ಮೆಟಾ ಸ್ಥಾನದಲ್ಲಿರುವ (ಆರ್ಥೊ, ಪ್ಯಾರಾ ನಡುವಿನ ಸ್ಥಾನ) ಎಸ್ಟರ್ ಕೂಡ 121, 93 ಎಂದೇ ತೋರಿಸುತ್ತದೆ. ಪ್ಯಾರಾ, ಮೆಟಾ ಬೇರೆ ಮಾಡಲು ಸ್ಪೆಕ್ಟ್ರಮ್ ಒಂದೇ ಸಾಲದು. ಪ್ರಮಾಣಿತ ಮಾದರಿಯನ್ನು ಅದೇ ಕಾಲಮ್‌ನಲ್ಲಿ ಓಡಿಸಿ ರಿಟೆನ್ಷನ್ ಸಮಯ (ವಸ್ತು ಕಾಲಮ್‌ನಿಂದ ಹೊರಬರಲು ಹಿಡಿಯುವ ಸಮಯ) ಹೋಲಿಸಬೇಕು. ನಿಮ್ಮ ಉತ್ತರ ಪತ್ರಿಕೆಯಲ್ಲಿ ಇದನ್ನೂ ಬರೆಯಿರಿ.

ಈಗ ಏಲಕ್ಕಿ. ಕಣ್ಣು ಮತ್ತು ಲೈಬ್ರರಿ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಟರ್ಪಿನೈಲ್ ಅಸಿಟೇಟ್‌ನ ಅಯಾನು 196 ಆಗಿ ಬದುಕುವುದೇ ಇಲ್ಲ. ಅಸಿಟಿಕ್ ಆಮ್ಲದ 60 ತಕ್ಷಣ ಹೋಗಿ 136 ಉಳಿಯುತ್ತದೆ. ಅದರಿಂದ ಮೀಥೈಲ್ 15 ಹೋದರೆ 121, ಐಸೊಪ್ರೊಪೈಲ್ 43 ಹೋದರೆ 93. ಎಡಗಡೆಯ 43 ಇಲ್ಲಿ ನಿಜವಾಗಿ ಅಸಿಟೈಲ್. ಬಲತುದಿಯ ಪೀಕ್ ಎಂದ ಮಾತ್ರಕ್ಕೆ ಅದು ಮಾಲಿಕ್ಯುಲರ್ ಅಯಾನು (ಮುರಿಯದ ಇಡೀ ಅಣುವಿನ ಅಯಾನು) ಆಗುವುದಿಲ್ಲ. ಆಲ್ಕೊಹಾಲ್, ಅಸಿಟೇಟ್‌ಗಳಲ್ಲಿ ಇದು ಮಾಮೂಲು. ಲಿನಲೂಲ್ ಕೂಡ 154ನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ.

ಹಾಗಾದರೆ ಅದು 136 ತೂಕದ ಒಂದು ಟರ್ಪೀನ್ ಅಲ್ಲ ಎಂದು ಹೇಗೆ ಹೇಳುವುದು? ಗಡಿಯಾರ ನೋಡಿ. ಲಿಮೊನೀನ್‌ನಂಥ 136ರ ಟರ್ಪೀನ್‌ಗಳು ಬೇಗ ಹೊರಬರುತ್ತವೆ. ಶೇ 5 ಫಿನೈಲ್ ಕಾಲಮ್‌ನಲ್ಲಿ ಲಿಮೊನೀನ್‌ನ ರಿಟೆನ್ಷನ್ ಸೂಚ್ಯಂಕ (ಎಷ್ಟು ತಡವಾಗಿ ಹೊರಬರುತ್ತದೆ ಎಂಬುದರ ಅಳತೆ) 1030ರ ಹತ್ತಿರ, ಟರ್ಪಿನೈಲ್ ಅಸಿಟೇಟ್‌ನದು 1350ರ ಹತ್ತಿರ. ಅಷ್ಟು ತಡವಾಗಿ 136ರ ಹೈಡ್ರೊಕಾರ್ಬನ್ ಬರಲಾರದು. ಜೊತೆಗೆ ಲಿಮೊನೀನ್‌ನ ಬೇಸ್ ಪೀಕ್ 68, ನಿಮ್ಮ ಪಟ್ಟಿಯಲ್ಲಿ ಅದು ಇಲ್ಲ.

ಇನ್ನು ಹಿನ್ನೆಲೆಯ ಪೀಕ್‌ಗಳು. 207, 281 ಕಂಡರೆ ಅದು ಕಾಲಮ್ ಅಥವಾ ಸೆಪ್ಟಮ್‌ನಿಂದ ಬಂದ ಸಿಲೊಕ್ಸೇನ್. 149 ಕಂಡರೆ ಮೊದಲು ಪ್ಲಾಸ್ಟಿಕ್‌ನ ಥ್ಯಾಲೇಟ್ ಇರಬಹುದೇ ಎಂದು ಅನುಮಾನಿಸಿ. 28, 32 ಒಟ್ಟಿಗೆ ಏರಿದರೆ ಎಲ್ಲೋ ಗಾಳಿ ಸೋರುತ್ತಿದೆ. ಇವನ್ನು ಕಳೆದ ಮೇಲೆಯೇ ಓದಲು ಕುಳಿತುಕೊಳ್ಳಿ.

ಅಭ್ಯಾಸಕ್ಕೆ ಒಂದು ಕೊಡುತ್ತೇನೆ: 135 (ಮಧ್ಯಮ ಎತ್ತರ), 93 (ಬೇಸ್ ಪೀಕ್), 66, 65, 43. ಬೆಂಜೀನ್ ಉಂಗುರವಿದೆ, ಅಷ್ಟೇ ಸುಳಿವು. ಹೆಸರಿಗಿಂತ ದಾರಿಯನ್ನು ಬರೆಯಿರಿ.

ಉತ್ತರ 3: ಔಷಧ ಕಂಪನಿಯ ಎಲ್‌ಸಿ-ಎಂಎಸ್ ವಿಭಾಗ, ಬೆಂಗಳೂರು

ಮೇಡಂ ಹೇಳಿದ್ದು ಜಿಸಿ-ಎಂಎಸ್‌ಗೆ ಪೂರ್ತಿ ಅನ್ವಯಿಸುತ್ತದೆ. ಕೆಲಸಕ್ಕೆ ಸೇರಿದ ಮೇಲೆ ನೀವು ಹೆಚ್ಚಾಗಿ ನೋಡುವುದು ದ್ರಾವಣವನ್ನು ವಿದ್ಯುತ್ ಬಲದಿಂದ ಸಿಂಪಡಿಸಿ ಅಯಾನು ಮಾಡುವ ಎಲೆಕ್ಟ್ರೋಸ್ಪ್ರೇ ಆಗಿರಬಹುದು. ಅಲ್ಲಿ ಸಮ-ಬೆಸದ ಲೆಕ್ಕ ತಲೆಕೆಳಗಾಗುತ್ತದೆ, ಈಗಲೇ ತಿಳಿದಿರಲಿ.

ಅದೇ 152ನ್ನೇ ತೆಗೆದುಕೊಳ್ಳಿ. ಎಲೆಕ್ಟ್ರೋಸ್ಪ್ರೇ ಪಾಸಿಟಿವ್‌ನಲ್ಲಿ ನನಗೆ 152 ಕಂಡರೆ ಮೊದಲು ನೆನಪಾಗುವುದು ಪ್ಯಾರಾಸಿಟಮಾಲ್. ಅದರ ಅಣುತೂಕ 151, ಒಂದು ಸಾರಜನಕ ಇರುವುದರಿಂದ ಬೆಸ. ಇಲ್ಲಿ ಅಣು ಎಲೆಕ್ಟ್ರಾನ್ ಕಳೆದುಕೊಳ್ಳುವುದಿಲ್ಲ, ಒಂದು ಪ್ರೋಟಾನ್ ಪಡೆಯುತ್ತದೆ. ಹಾಗಾಗಿ 152. ಅದೇ ಸ್ಪೆಕ್ಟ್ರಮ್‌ನಲ್ಲಿ 174 ಇದ್ದರೆ ಸೋಡಿಯಂ ಅಂಟಿಕೊಂಡದ್ದು, 190 ಇದ್ದರೆ ಪೊಟ್ಯಾಸಿಯಂ, 303 ಇದ್ದರೆ ಎರಡು ಅಣುಗಳಿಗೆ ಸೇರಿ ಒಂದು ಪ್ರೋಟಾನ್. ಹೊಸಬರು ಇವನ್ನು ನಾಲ್ಕು ಬೇರೆ ಬೇರೆ ಕಲ್ಮಶಗಳೆಂದು ಎಣಿಸುವುದನ್ನು ನೋಡಿದ್ದೇನೆ. 22 ಮತ್ತು 38ರ ಅಂತರವನ್ನು ಗುರುತಿಸಿದರೆ ಸಾಕು, ಅಣುತೂಕ ತಾನಾಗಿ ಖಚಿತವಾಗುತ್ತದೆ.

152ನ್ನು ಆರಿಸಿ ಮುರಿದರೆ 110 ಬರುತ್ತದೆ. ಅಂತರ 42, ಕೀಟೀನ್. ನಂತರ 17 ಹೋಗಿ 93, ಅಮೋನಿಯಾ. ಮತ್ತೆ 28 ಹೋಗಿ 65. ಎಲೆಕ್ಟ್ರೋಸ್ಪ್ರೇಯಲ್ಲಿ ಅಯಾನುಗಳ ಎಲೆಕ್ಟ್ರಾನ್‌ಗಳೆಲ್ಲ ಜೋಡಿಯಾಗಿರುವುದರಿಂದ ಹೊರಹೋಗುವುದು ಹೆಚ್ಚಾಗಿ ಪೂರ್ಣ ಅಣುಗಳೇ.

ನಿಮ್ಮ ವಿಭಾಗದಲ್ಲಿ ಹೈ ರೆಸಲ್ಯೂಷನ್ ಯಂತ್ರ ಇದ್ದರೆ 28 ಎಂಬುದು ಒಂದಲ್ಲ, ಮೂರು ಎಂಬುದನ್ನು ಕಣ್ಣಾರೆ ನೋಡಿ: ಕಾರ್ಬನ್ ಮಾನಾಕ್ಸೈಡ್ 27.995, ಸಾರಜನಕ 28.006, ಇಥಿಲೀನ್ 28.031. ಆದರೆ ನಿಮ್ಮ ಅ, ಆ, ಇ ಮೂರನ್ನೂ ಆ ಯಂತ್ರವೂ ಮಾಲಿಕ್ಯುಲರ್ ಅಯಾನಿನಿಂದ ಬೇರೆ ಮಾಡಲಾರದು. ಸೂತ್ರ ಒಂದೇ ಆದರೆ ತೂಕವೂ ದಶಾಂಶದವರೆಗೆ ಒಂದೇ. ಮುರಿತವನ್ನೇ ಓದಬೇಕು.

ಅಭ್ಯಾಸಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅಮೆರಿಕದ ಎನ್ಐಎಸ್‌ಟಿ ಕೆಮಿಸ್ಟ್ರಿ ವೆಬ್‌ಬುಕ್, ಜಪಾನಿನ ಎಸ್‌ಡಿಬಿಎಸ್ ಎರಡರಲ್ಲೂ ಎಲೆಕ್ಟ್ರಾನ್ ಅಯಾನೀಕರಣದ ಸ್ಪೆಕ್ಟ್ರಮ್‌ಗಳು ಉಚಿತ. ಎಲೆಕ್ಟ್ರೋಸ್ಪ್ರೇಯವು ಮಾಸ್‌ಬ್ಯಾಂಕ್‌ನಲ್ಲಿ ಸಿಗುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೇಡಂ, ಅ ಮತ್ತು ಆ ಸರಪಳಿಗಳನ್ನು ಅಕ್ಕಪಕ್ಕ ಬರೆದೆ. ನೀವು ಹೇಳಿದ್ದು ಅರ್ಥವಾಯಿತು.

135ಕ್ಕೆ ನನ್ನ ದಾರಿ ಹೀಗಿದೆ. 135 ಬೆಸ, ಆದ್ದರಿಂದ ಸಾರಜನಕ ಒಂದು (ಅಥವಾ ಮೂರು). 135ರಿಂದ 93, ಅಂತರ 42, ಸಮ, ಅಂದರೆ ಪೂರ್ಣ ಅಣು ಹೋಗಿದೆ. ಎಡಗಡೆ 43 ಇರುವುದರಿಂದ ಅಸಿಟೈಲ್ ಇರಬಹುದು, ಆಗ 42 ಎಂದರೆ ಕೀಟೀನ್. 93 ಎಂದರೆ ಅನಿಲೀನ್‌ನ ತೂಕ. ಹಾಗಾಗಿ ಅಸಿಟನಿಲೈಡ್. 93 ಮತ್ತು 43 ಕೂಡಿಸಿದರೆ 136 ಬರುತ್ತದೆ, 135ಕ್ಕಿಂತ ಒಂದು ಹೆಚ್ಚು. ಅಸಿಟೈಲ್‌ನ ಒಂದು ಜಲಜನಕ ಸಾರಜನಕದ ಕಡೆಗೆ ದಾಟಿದೆ ಎಂದು ಇದಕ್ಕೆ ಅರ್ಥ ಮಾಡಿಕೊಂಡೆ.

ಒಂದು ಕಡೆ ಸಿಕ್ಕಿಕೊಂಡಿದ್ದೇನೆ. 93ರಿಂದ 66, ಅಂತರ 27. ಬೆಸ. ಹಾಗಾದರೆ ರ‍್ಯಾಡಿಕಲ್ ಹೋಯಿತೇ? 27 ತೂಕದ ರ‍್ಯಾಡಿಕಲ್ ಎಂದರೆ ವಿನೈಲ್, ಅದು ಅನಿಲೀನ್‌ನಿಂದ ಹೇಗೆ ಬರಲು ಸಾಧ್ಯ?

ಉತ್ತರ 2 ಬರೆದವರು

ದಾರಿ ಸರಿಯಾಗಿದೆ. 136ರ ಲೆಕ್ಕವನ್ನು ನೀವೇ ಕಂಡುಕೊಂಡದ್ದು ನನಗೆ ತುಂಬಾ ಮೆಚ್ಚಿಗೆಯಾಯಿತು.

27ರ ಪ್ರಶ್ನೆಗೆ ಉತ್ತರ ನಾನು ಮೊದಲು ಹಾಕಿದ ಷರತ್ತಿನಲ್ಲಿದೆ: ಸಾರಜನಕ ಇಲ್ಲದಿರುವ ತನಕ. ಇಲ್ಲಿ ಹೋದದ್ದು ಹೈಡ್ರೋಜನ್ ಸಯನೈಡ್. ಅದು ಪೂರ್ಣ ಅಣುವೇ, ಆದರೆ ಒಳಗೆ ಒಂದು ಸಾರಜನಕ ಇರುವುದರಿಂದ ತೂಕ ಬೆಸ. ಮೇಲೆ ಪ್ಯಾರಾಸಿಟಮಾಲ್‌ನಲ್ಲಿ ಬಂದ ಅಮೋನಿಯಾದ 17 ಕೂಡ ಹಾಗೆಯೇ. ಹೊರಹೋದ ತುಂಡಿನಲ್ಲಿ ಸಾರಜನಕ ಇದೆಯೇ ಎಂದು ಮೊದಲು ಕೇಳಿ, ನಂತರ ಸಮ-ಬೆಸ ನೋಡಿ. ಇಲ್ಲಿ ಉಳಿದ 66 ಸಮ, ಅಂದರೆ ಸಾರಜನಕ ಅದರಲ್ಲಿ ಉಳಿದಿಲ್ಲ, ಹೋದ ತುಂಡಿನೊಡನೆ ಹೋಗಿದೆ. ಲೆಕ್ಕ ಎರಡೂ ಕಡೆ ಕೂಡಿಬರುತ್ತದೆ.

ಒಂದು ಕೆಲಸ ಬಾಕಿ ಇದೆ. ಅಸಿಟನಿಲೈಡ್ ಎಂದು ಹೇಳಿದಿರಿ, ಬೇರೆಯದು ಏಕಲ್ಲ ಎಂದು ಹೇಳಲಿಲ್ಲ. 4-ಅಮಿನೊಅಸಿಟೊಫಿನೋನ್‌ಗೂ ಇದೇ ಸೂತ್ರ, ಇದೇ 135. ಅಲ್ಲಿ ಅಸಿಟೈಲ್ ಉಂಗುರದ ಇಂಗಾಲಕ್ಕೆ ನೇರವಾಗಿ ಸೇರಿದೆ. ಹಾಗಾಗಿ ಮೀಥೈಲ್ 15 ಕಳಚಿ 120 ಬೇಸ್ ಪೀಕ್ ಆಗುತ್ತದೆ, ನಂತರ 28 ಹೋಗಿ 92. ನಿಮ್ಮ ಪಟ್ಟಿಯಲ್ಲಿ 120 ಇಲ್ಲ, 93 ಇದೆ. ಈ ಎರಡು ವಾಕ್ಯಗಳನ್ನು ಉತ್ತರಕ್ಕೆ ಸೇರಿಸಿದರೆ ಪರೀಕ್ಷಕರು ಮುಂದೆ ಪ್ರಶ್ನೆ ಕೇಳಲು ಜಾಗವೇ ಇರುವುದಿಲ್ಲ.

ನಿಮ್ಮ ಪ್ರಯೋಗಾಲಯದಲ್ಲಿ ಅಸಿಟನಿಲೈಡ್ ಖಂಡಿತ ಇರುತ್ತದೆ, ಬಿ.ಎಸ್ಸಿ. ಮಕ್ಕಳು ತಯಾರಿಸುವ ವಸ್ತು ಅದು. ಅದರಲ್ಲಿ ಅನಿಲೀನ್ ಸ್ವಲ್ಪ ಉಳಿದಿರಬಹುದು. ಅನಿಲೀನ್ ತಾನಾಗಿಯೇ 93, 66 ತೋರಿಸುವುದರಿಂದ ಕಾಣುವ 93 ಯಾರದು ಎಂಬ ಸಂಶಯ ಉಳಿಯುತ್ತದೆ. ರನ್ ಆದ ಮೇಲೆ 135 ಮತ್ತು 93 ಎರಡರ ಅಯಾನು ಕ್ರೊಮ್ಯಾಟೊಗ್ರಾಂಗಳನ್ನು ಪ್ರತ್ಯೇಕವಾಗಿ ತೆಗೆದು ಒಂದರ ಮೇಲೊಂದು ಇಡಿ. ಎರಡೂ ಒಂದೇ ಕ್ಷಣದಲ್ಲಿ ಏರಿ ಒಂದೇ ಕ್ಷಣದಲ್ಲಿ ಇಳಿದರೆ ಆ 93 ಅಸಿಟನಿಲೈಡ್‌ನದೇ. 93 ಮಾತ್ರ ಬೇಗ ಒಂದು ಕಡೆ ಏರಿದರೆ, ಅಲ್ಲಿ ಅನಿಲೀನ್ ಇದೆ. ಏನು ಬಂತೆಂದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.